ಆಡಿ ನೋಡಿ ಅಂಕ ಕೊಟ್ಟ ಇಬ್ಬರು ಮತ್ತು ನಮ್ಮ ಮಕ್ಕಳ ಮೊಬೈಲ್ ಗೇಮ್

"ಉಸ್ತಾದ್, ಈ ಗೇಮ್ ಮಕ್ಕಳಿಗೆ ಆಗ್ತದಾ, ಇಲ್ವಾ?"

ಮದ್ರಸದಲ್ಲಿ ಕಲಿಸುವವರ ಬಳಿ ಹೆತ್ತವರು ಈಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮೊಬೈಲ್ ತೆಗೆದು ಮುಂದೆ ಹಿಡಿಯುತ್ತಾರೆ. ಪರದೆಯಲ್ಲಿ ಒಬ್ಬ ಬಂದೂಕು ಹಿಡಿದು ಓಡುತ್ತಿರುತ್ತಾನೆ, ಇಲ್ಲವೇ ಒಂದು ಕಾರು ಗೋಡೆಗೆ ಗುದ್ದುತ್ತಿರುತ್ತದೆ. ಹರಾಮಾ ಹಲಾಲಾ, ಒಂದೇ ಮಾತಿನಲ್ಲಿ ಹೇಳಿ ಬಿಡಬೇಕು. ಆದರೆ ಕೇಳಿದ ಬಾಪನೂ ಆ ಗೇಮ್ ಆಡಿಲ್ಲ, ಉತ್ತರ ಹೇಳಬೇಕಾದ ಉಸ್ತಾದರೂ ಆಡಿಲ್ಲ. ಅದರ ಒಳಗೆ ಏನಿದೆ ಅಂತ ಗೊತ್ತಿರುವುದು ಹತ್ತು ವರ್ಷದ ಹುಡುಗನಿಗೆ ಮಾತ್ರ. ಅವನನ್ನು ಯಾರೂ ಕೇಳುವುದಿಲ್ಲ.

ಗೊತ್ತಿಲ್ಲದ ವಿಷಯಕ್ಕೆ ತೀರ್ಪು ಕೊಡುವುದು ನಮ್ಮ ದೀನಿನಲ್ಲಿ ಸಣ್ಣ ವಿಷಯ ಅಲ್ಲ. ಹಾಗಾದರೆ ಮೊದಲು ತಿಳಿದುಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಒಂದು ದೇಶದ ಸಾರ್ವಜನಿಕ ಟಿವಿ ಸುಲಭವಾದ ಒಂದು ದಾರಿ ಮಾಡಿಕೊಂಡಿತ್ತು. ಆ ದಾರಿಯಲ್ಲಿ ನಮಗೂ ಕಲಿಯಲಿಕ್ಕೆ ಇದೆ ಅಂತ ಅನಿಸಿದ್ದರಿಂದ ಈ ಬರಹ.

ಸೋಫಾದ ಮೇಲೆ ಇಬ್ಬರು

ಆಸ್ಟ್ರೇಲಿಯಾದಲ್ಲಿ ಎಬಿಸಿ ಅಂತ ಒಂದು ಸಂಸ್ಥೆ ಇದೆ. ನಮ್ಮ ದೂರದರ್ಶನದ ಹಾಗೆ ಸಾರ್ವಜನಿಕರ ಹಣದಲ್ಲಿ ನಡೆಯುವ ಟಿವಿ, ರೇಡಿಯೋ. ಅದರ ಎರಡನೇ ಚಾನೆಲಿನಲ್ಲಿ 2006ರಲ್ಲಿ 'ಗುಡ್ ಗೇಮ್' ಎಂಬ ಕಾರ್ಯಕ್ರಮ ಶುರುವಾಯಿತು. ಜೆರೆಮಿ ರೇ ಮತ್ತು ಮೈಕೆಲ್ ಮಕೌಸ್ಕಿ ಎಂಬ ಇಬ್ಬರು ಅದನ್ನು ನಡೆಸಿಕೊಡುತ್ತಿದ್ದರು. ಮರುವರ್ಷ ಮಕೌಸ್ಕಿಯ ಜಾಗಕ್ಕೆ ಸ್ಟೀವನ್ ಒಡಾನೆಲ್ ಬಂದರು. 2010ರಲ್ಲಿ ರೇ ಅವರ ಜಾಗಕ್ಕೆ ಸ್ಟೆಫಾನಿ ಬೆಂಡಿಕ್ಸನ್ ಬಂದರು. ಆ ಬದಲಾವಣೆ ನೋಡುಗರಲ್ಲಿ ದೊಡ್ಡ ಅಸಮಾಧಾನ ಎಬ್ಬಿಸಿತ್ತು. ಆದರೂ ನಂತರ ಆ ಇಬ್ಬರೇ 2016ರ ಕೊನೆಯ ತನಕ ಕಾರ್ಯಕ್ರಮವನ್ನು ಸಾಗಿಸಿದರು. ಆಟದ ಲೋಕದ ವಾಡಿಕೆಯಂತೆ ಅವರಿಗೆ ಅಡ್ಡಹೆಸರು ಇತ್ತು. ಅವನು ಬಾಜೋ, ಅವಳು ಹೆಕ್ಸ್. ಅಲ್ಲಿಯ ಮಕ್ಕಳಿಗೆ ಗೊತ್ತಿದ್ದದ್ದು ಆ ಹೆಸರುಗಳೇ.

ಅವರು ಮಾಡುತ್ತಿದ್ದದ್ದು ಇಷ್ಟೇ. ಹೊಸದಾಗಿ ಬಂದ ವಿಡಿಯೋ ಗೇಮನ್ನು ಇಬ್ಬರೂ ಆಡುತ್ತಿದ್ದರು. ಆಮೇಲೆ ಕ್ಯಾಮರಾ ಮುಂದೆ ಕೂತು ಮಾತಾಡುತ್ತಿದ್ದರು. ಕತೆ ಹೇಗಿದೆ, ಕೈಗೆ ಹೇಗೆ ಒಗ್ಗುತ್ತದೆ, ಎಲ್ಲಿ ಬೇಸರ ಬರುತ್ತದೆ, ಕೊಟ್ಟ ಹಣಕ್ಕೆ ಬೆಲೆ ಇದೆಯಾ? ಕೊನೆಗೆ ಇಬ್ಬರೂ ಬೇರೆ ಬೇರೆಯಾಗಿ ಹತ್ತರಲ್ಲಿ ಅಂಕ ಕೊಡುತ್ತಿದ್ದರು. ಒಂದೇ ಗೇಮಿಗೆ ಒಬ್ಬರದ್ದು ಒಂದು ಅಂಕ, ಇನ್ನೊಬ್ಬರದ್ದು ಇನ್ನೊಂದು ಇರಬಹುದು. "ನಿನಗೆ ಯಾಕೆ ಇಷ್ಟ ಆಯಿತು, ನನಗೆ ಯಾಕೆ ಆಗಲಿಲ್ಲ" ಅಂತ ಅಲ್ಲೇ ಚರ್ಚೆ ಆಗುತ್ತಿತ್ತು. ಜಗಳ ಇಲ್ಲ, ಕಿರುಚಾಟ ಇಲ್ಲ. ನಮ್ಮ ಟಿವಿ ಚರ್ಚೆಗಳನ್ನು ನೋಡಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಅಮೆರಿಕದಲ್ಲೂ ಹೀಗೊಂದು ಇತ್ತು, 'ಎಕ್ಸ್-ಪ್ಲೇ' ಅಂತ. ಆಡಂ ಸೆಸ್ಲರ್ ಮತ್ತು ಮಾರ್ಗನ್ ವೆಬ್ ಎಂಬವರು ಜಿ4 ಎಂಬ ಚಾನೆಲಿನಲ್ಲಿ ಗೇಮುಗಳಿಗೆ ಐದರಲ್ಲಿ ಅಂಕ ಕೊಡುತ್ತಿದ್ದರು. ಅದು ಖಾಸಗಿ ಚಾನೆಲ್, ದೊಡ್ಡವರ ತಮಾಷೆ ಜಾಸ್ತಿ. ನಮ್ಮ ಹೆತ್ತವರ ದೃಷ್ಟಿಯಿಂದ ನೋಡಿದರೆ ಆಸ್ಟ್ರೇಲಿಯಾದ್ದೇ ಹೆಚ್ಚು ಉಪಯೋಗಕ್ಕೆ ಬರುವ ಉದಾಹರಣೆ.

ಯಾಕಂದ್ರೆ 2010ರಲ್ಲಿ ಎಬಿಸಿಯವರು ಅದೇ ಕಾರ್ಯಕ್ರಮದ ಇನ್ನೊಂದು ರೂಪವನ್ನು ಮಕ್ಕಳಿಗಾಗಿಯೇ ಶುರುಮಾಡಿದರು. ಹೆಸರು 'ಸ್ಪಾನ್ ಪಾಯಿಂಟ್'. ದೊಡ್ಡವರಿಗೆ ಮಾತ್ರ ಆಗುವ ಗೇಮುಗಳನ್ನು ಅಲ್ಲಿ ತೋರಿಸುತ್ತಿರಲಿಲ್ಲ. ಆ ದೇಶದ ವರ್ಗೀಕರಣದಲ್ಲಿ ಎಲ್ಲರಿಗೂ ಆಗುವಂಥದ್ದು ಮತ್ತು ಹೆತ್ತವರ ಮಾರ್ಗದರ್ಶನದಲ್ಲಿ ಆಗುವಂಥದ್ದು, ಇವೆರಡರ ಒಳಗಿನ ಗೇಮುಗಳು ಮಾತ್ರ. ಅಂಕಗಳನ್ನು ರಬ್ಬರ್ ಕೋಳಿಗಳಲ್ಲಿ ಎಣಿಸುತ್ತಿದ್ದರು. ಡ್ಯಾರೆನ್ ಎಂಬ ಒಂದು ರೋಬೋ ಜೊತೆಗಿತ್ತು. ಮಕ್ಕಳು ನಗುತ್ತಾ ನೋಡುತ್ತಿದ್ದರು. ನಗುವಿನ ನಡುವೆ ಯಾವ ಗೇಮ್ ಯಾವ ವಯಸ್ಸಿಗೆ ಅನ್ನುವುದೂ ಅವರ ತಲೆಗೆ ಹೋಗುತ್ತಿತ್ತು. ದೊಡ್ಡವರ ಕಾರ್ಯಕ್ರಮ ನಿಂತ ಮೇಲೂ ಮಕ್ಕಳದ್ದು ಮುಂದುವರಿಯಿತು.

ನಮ್ಮಲ್ಲಿ ಯಾರು ಹೇಳುತ್ತಾರೆ?

ಭಾರತದ ಟಿವಿಯಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಇಂಗ್ಲಿಷ್ ಚಾನೆಲುಗಳಲ್ಲಿ ಮೊಬೈಲ್, ಕ್ಯಾಮರಾ, ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಿ ಹೇಳುವ ಕಾರ್ಯಕ್ರಮಗಳು. ಎನ್‌ಡಿಟಿವಿಯ ರಾಜೀವ್ ಮಖ್ನಿ ಅದರಿಂದಲೇ ಮನೆಮಾತಾದವರು. ಅಲ್ಲಿ ತೂಗಿ ನೋಡುತ್ತಿದ್ದದ್ದು ಹೆಚ್ಚಾಗಿ ಯಂತ್ರವನ್ನು. ಆ ಯಂತ್ರದ ಒಳಗೆ ಮಗು ಆಡುವ ಆಟದ ಬಗ್ಗೆ ಕನ್ನಡದಲ್ಲಿ, ನಮ್ಮ ಉಮ್ಮಂದಿರಿಗೆ ಅರ್ಥ ಆಗುವ ಹಾಗೆ ವಾರ ವಾರ ಕೂತು ಹೇಳುವ ಟಿವಿ ಕಾರ್ಯಕ್ರಮ ಬರಲಿಲ್ಲ.

ಹನುಮಂತನಗರದಲ್ಲಿ ಇರುವವರಿಗೆ ರಾಮಾಂಜನೇಯ ಗುಡ್ಡದ ಬಳಿಯ ಕೆ.ಎಚ್. ಕಲಾಸೌಧ ಗೊತ್ತು. ಅಲ್ಲಿ ನಾಟಕ ಆದರೆ ಜನ ಹೊರಗೆ ಬಂದು ಚಾ ಕುಡಿಯುತ್ತಾ ಅದರ ಬಗ್ಗೆ ಮಾತಾಡುತ್ತಾರೆ. ಪತ್ರಿಕೆಯಲ್ಲಿ ವಿಮರ್ಶೆ ಬರುತ್ತದೆ. ಶುಕ್ರವಾರ ಸಿನಿಮಾ ಬಿಡುಗಡೆ ಆದರೆ ಶನಿವಾರ ಅದಕ್ಕೆ ಎಷ್ಟು ಸ್ಟಾರ್ ಅಂತ ಮುದ್ರಣ ಆಗಿರುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ವಿಮರ್ಶಕರಿದ್ದಾರೆ. ಮಗು ದಿನಾ ಎರಡು ಗಂಟೆಯಂತೆ ವರ್ಷಗಟ್ಟಲೆ ಆಡುವ ಆಟಕ್ಕೆ ಮಾತ್ರ ಕೇಳುವವರಿಲ್ಲ.

ಬೆಂಗಳೂರಿಗೆ ಗೇಮ್ ಹೊಸತೇನೂ ಅಲ್ಲ. ದೇಶದ ಮೊದಲ ಗೇಮ್ ಕಂಪೆನಿ ಅಂತ ಹೆಸರಾದ ಧ್ರುವ ಇಂಟರಾಕ್ಟಿವ್ ಶುರುವಾದದ್ದು ಇದೇ ಊರಿನಲ್ಲಿ, 1997ರಲ್ಲಿ, ರಾಜೇಶ್ ರಾವ್ ಅವರಿಂದ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಜಿಟಿಎ ಎಂಬ ಗೇಮ್ ಮಾಡುವ ಕಂಪೆನಿ ಅದೇ. ನಮ್ಮ ಹುಡುಗರಿಗೆ ಆ ಮೂರಕ್ಷರ ಚೆನ್ನಾಗಿ ಗೊತ್ತು. 2013ರಲ್ಲಿ ಬಂದ ಅದರ ಐದನೇ ಭಾಗಕ್ಕೆ ಆಸ್ಟ್ರೇಲಿಯಾದಲ್ಲಿ 18 ತುಂಬಿದವರಿಗೆ ಮಾತ್ರ ಅಂತ ಮುದ್ರೆ ಒತ್ತಿದ್ದಾರೆ. ಯುರೋಪಿನಲ್ಲೂ 18. ಕೊಲೆ, ದರೋಡೆ, ಅಶ್ಲೀಲ ಎಲ್ಲ ಅದರ ಒಳಗಿದೆ. ನಮ್ಮಲ್ಲಿ ಐದನೇ ಕ್ಲಾಸಿನ ಹುಡುಗ ಅದರ ಬಗ್ಗೆ ಮಾತಾಡಿದರೆ ಬಾಪ "ಏನೋ ಕಾರು ಓಡಿಸುವ ಗೇಮ್" ಅಂತ ತಿಳಿದುಕೊಂಡಿರುತ್ತಾರೆ.

ಬಾಡಿಗೆ ಮನೆ, ತಡರಾತ್ರಿಯ ಬಾಪ

ಊರಿನಲ್ಲಿ ಮಕ್ಕಳಿಗೆ ಅಂಗಳ ಇತ್ತು, ತೋಟ ಇತ್ತು, ಮಸೀದಿ ಪಕ್ಕದಲ್ಲಿ ಚೆಂಡಾಡುವ ಜಾಗ ಇತ್ತು. ಹನುಮಂತನಗರ, ಶ್ರೀನಗರ, ಗವಿಪುರಂ ಕಡೆ ಬಾಡಿಗೆ ಮನೆ ಹಿಡಿದಿರುವ ಬ್ಯಾರಿ ಸಂಸಾರಕ್ಕೆ ಎರಡು ಕೋಣೆ, ಒಂದು ಬಾಲ್ಕನಿ. ಗಂಡ ಬೇಕರಿಯಲ್ಲೋ ಜ್ಯೂಸ್ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ರಾತ್ರಿ ಹನ್ನೊಂದಕ್ಕೆ ಬರುತ್ತಾರೆ. ಸುತ್ತ ಮಾತಾಡಲಿಕ್ಕೆ ಬ್ಯಾರಿ ಭಾಷೆಯವರು ಕಡಿಮೆ. ಮಗುವನ್ನು ಒಬ್ಬನೇ ರಸ್ತೆಗೆ ಬಿಡಲಿಕ್ಕೆ ವಾಹನಗಳ ಹೆದರಿಕೆ. ಹಾಗಾಗಿ ಮೊಬೈಲ್ ಕೈಗೆ ಬರುತ್ತದೆ. ಇದರಲ್ಲಿ ಉಮ್ಮನನ್ನು ದೂರಿ ಪ್ರಯೋಜನ ಇಲ್ಲ. ಮಗು ಮನೆಯೊಳಗೆ ಕಣ್ಣೆದುರು ಇದೆಯಲ್ಲ ಅನ್ನುವುದೇ ಅವರಿಗೆ ನೆಮ್ಮದಿ.

ಆದರೆ ಕಣ್ಣೆದುರು ಇರುವ ಮಗು ಆ ಹೊತ್ತಿಗೆ ಯಾರ ಜೊತೆ ಇದೆ? ಇಂದಿನ ಹೆಚ್ಚಿನ ಗೇಮುಗಳು ನೆಟ್ ಮೂಲಕ ಬೇರೆಯವರ ಜೊತೆ ಆಡುವಂಥವು. ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಹುಡುಗನ ಕಿವಿಯಲ್ಲಿ ಯಾವುದೋ ಊರಿನ, ಯಾವುದೋ ವಯಸ್ಸಿನ ಅಪರಿಚಿತನ ಮಾತು ಇರುತ್ತದೆ. ಅದರಲ್ಲಿ ಒಳ್ಳೆಯವರೂ ಇರುತ್ತಾರೆ, ಬಾಯಿ ಬಿಟ್ಟರೆ ಬೈಗುಳವೇ ಬರುವವರೂ ಇರುತ್ತಾರೆ. ಮದ್ರಸಕ್ಕೆ ಬರುವ ಸಣ್ಣ ಮಕ್ಕಳ ಬಾಯಲ್ಲಿ ಮನೆಯಲ್ಲಿ ಯಾರೂ ಆಡದ ಹಿಂದಿ ಬೈಗುಳ ಕೇಳಿದಾಗ ಅದು ಎಲ್ಲಿಂದ ಬಂತು ಅಂತ ಹುಡುಕಿ ದೂರ ಹೋಗಬೇಕಾಗಿಲ್ಲ.

ಕಿತಾಬಿನಲ್ಲಿ ಆಟದ ವಿಮರ್ಶೆ

"ಆಟ ಅಂದರೇ ಹರಾಮ್" ಅಂತ ಒಂದೇ ಏಟಿಗೆ ಮುಗಿಸುವವರಿದ್ದಾರೆ. ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಪ್ರವಾದಿ (ಸ) ಅವರು ಆಯಿಶಾ (ರ.ಅ) ಅವರ ಜೊತೆ ಓಟದ ಸ್ಪರ್ಧೆ ನಡೆಸಿದ್ದು ಹದೀಸಿನಲ್ಲಿದೆ. ಹಬ್ಬದ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿ ಹಿಡಿದು ಆಡಿದಾಗ ಆಯಿಶಾ (ರ.ಅ) ಅವರಿಗೆ ಸಾಕಾಗುವವರೆಗೆ ನೋಡಲು ಬಿಟ್ಟದ್ದೂ ಹದೀಸಿನಲ್ಲಿದೆ. ಮಕ್ಕಳ ಮನಸ್ಸಿಗೆ ಆಟ ಬೇಕು ಅನ್ನುವುದು ನಮ್ಮ ದೀನಿಗೆ ಗೊತ್ತಿಲ್ಲದ ವಿಷಯ ಅಲ್ಲ.

ಹಾಗಂತ ಎಲ್ಲ ಆಟವೂ ಒಂದೇ ಅಲ್ಲ. ನಮ್ಮ ದರ್ಸ್‌ಗಳಲ್ಲಿ ಓದಿಸುವ ಫತ್‌ಹುಲ್ ಮುಈನ್ ಎಂಬ ಕಿತಾಬ್ ಇದೆ. 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಂ ಬರೆದದ್ದು. ಅದರಲ್ಲಿ ಚದುರಂಗದ ವಿಷಯ ಬರುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಚದುರಂಗ ಕರಾಹತ್, ಅಂದರೆ ಬಿಡುವುದು ಒಳ್ಳೆಯದು. ಆದರೆ ಅದಕ್ಕೆ ಹಣ ಪಣ ಇಟ್ಟರೆ, ಅಥವಾ ಆಟದಲ್ಲಿ ಮುಳುಗಿ ನಮಾಝ್ ತಪ್ಪಿಸಿಕೊಂಡರೆ ಅದು ಹರಾಮಿಗೆ ಹೋಗುತ್ತದೆ. ಬೇಕಂತಲೇ ಬಿಡಬೇಕಾಗಿಲ್ಲ, ಆಟದ ಗುಂಗಿನಲ್ಲಿ ಮರೆತು ನಮಾಝ್ ಹೋದರೂ ಅದೇ ಹುಕುಂ. ದಾಳ ಎಸೆದು ಅದೃಷ್ಟದ ಮೇಲೆ ನಡೆಯುವ ಆಟಕ್ಕೆ ಇನ್ನೂ ಬಿಗಿ. ಬೆಂಗಳೂರಿನಲ್ಲಿ ನಮ್ಮ ನೆರೆಯ ಹನಫಿ ಸಹೋದರರಲ್ಲಿ ಚದುರಂಗದ ಬಗ್ಗೆಯೂ ಗಟ್ಟಿ ಅಭಿಪ್ರಾಯ ಇದೆ.

ಇಲ್ಲಿ ಗಮನಿಸಬೇಕಾದ್ದು ಆ ಉಲಮಾಗಳು ನೋಡಿದ ರೀತಿ. ಹೆಸರು ನೋಡಿ ತೀರ್ಪು ಕೊಟ್ಟಿಲ್ಲ. ಈ ಆಟ ಬುದ್ಧಿಯ ಮೇಲೆ ನಿಂತಿದೆಯಾ, ಅದೃಷ್ಟದ ಮೇಲೆ ನಿಂತಿದೆಯಾ? ಹಣ ಇದೆಯಾ? ಆಡುವವನನ್ನು ಅಲ್ಲಾಹನ ಕರೆಯಿಂದ ಮರೆಸುತ್ತದಾ? ಆಟದ ಒಳಗೆ ಹೋಗಿ ನೋಡಿದ ಮೇಲೆ ಹುಕುಂ ಹೇಳಿದ್ದಾರೆ. ಮೊಬೈಲ್ ಗೇಮಿಗೂ ಕೇಳಬೇಕಾದ ಪ್ರಶ್ನೆಗಳು ಇವೇ.

ಪೆಟ್ಟಿಗೆಯೊಳಗಿನ ದಾಳ

ಹಣದ ಪ್ರಶ್ನೆ ಮೊದಲು ನೋಡೋಣ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ರೂಪಾಯಿ ತನಕ ದಂಡ. ಅದಕ್ಕೆ ಮೊದಲು ಕರ್ನಾಟಕ ಸರಕಾರ 2021ರಲ್ಲಿ ಇಂಥದ್ದೇ ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಸರಕಾರದ ಕಾನೂನು ಬಂದರೂ ಹೋದರೂ ನಮಗೆ ಜೂಜು ಹರಾಮ್ ಅನ್ನುವುದು ಸೂರಃ ಅಲ್‌ಮಾಇದಃದಲ್ಲಿ ಸ್ಪಷ್ಟ ಇದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಗೊತ್ತಿಲ್ಲದ್ದು ಇನ್ನೊಂದಿದೆ. ಮಕ್ಕಳ ಗೇಮುಗಳಲ್ಲಿ 'ಲೂಟ್ ಬಾಕ್ಸ್' ಅಂತ ಬರುತ್ತದೆ. ಬೇರೆ ಬೇರೆ ಹೆಸರು ಇರಬಹುದು: ಪೆಟ್ಟಿಗೆ, ಮೊಟ್ಟೆ, ತಿರುಗುವ ಚಕ್ರ. ದುಡ್ಡು ಕೊಟ್ಟು ತೆರೆಯಬೇಕು. ಒಳಗೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಒಳ್ಳೆಯ ಬಂದೂಕು, ಅಪರೂಪದ ಉಡುಪು ಸಿಗಬಹುದು, ಕಸವೂ ಸಿಗಬಹುದು. ಸಿಗದಿದ್ದರೆ ಇನ್ನೊಮ್ಮೆ. ಬೆಲ್ಜಿಯಂ ಸರಕಾರ 2018ರಲ್ಲಿ ಇದನ್ನು ಜೂಜು ಅಂತ ಘೋಷಿಸಿತು. ಆಸ್ಟ್ರೇಲಿಯಾದಲ್ಲಿ 2024ರ ಸೆಪ್ಟೆಂಬರ್‌ನಿಂದ, ಹಣಕ್ಕೆ ಅದೃಷ್ಟದ ಪೆಟ್ಟಿಗೆ ಮಾರುವ ಹೊಸ ಗೇಮುಗಳು ಚಿಕ್ಕ ಮಕ್ಕಳ ವರ್ಗದಲ್ಲಿ ಬರುವ ಹಾಗಿಲ್ಲ. ಜೂಜನ್ನೇ ಅನುಕರಿಸುವ ಗೇಮಿಗೆ 18ರ ಮುದ್ರೆ. ಅವರು ಕಾನೂನಿನ ಭಾಷೆಯಲ್ಲಿ ಹೇಳಿದ್ದನ್ನು ನಮ್ಮ ಕಿತಾಬ್ ದಾಳದ ಹೆಸರಿನಲ್ಲಿ ಹೇಳಿದೆ.

ಅಂಗಡಿಯ ವ್ಯಾಪಾರದ ಯುಪಿಐ ಇರುವ ಅದೇ ಫೋನು ರಾತ್ರಿ ಮಗನ ಕೈಗೆ ಹೋಗುತ್ತದೆ. ಪಿನ್ ನಂಬರ್ ಅವನಿಗೆ ಬಾಯಿಪಾಠ. ಹತ್ತು ಇಪ್ಪತ್ತು ರೂಪಾಯಿಯಂತೆ ಹೋಗುವುದು ತಿಂಗಳ ಕೊನೆಗೆ ಎಷ್ಟಾಗುತ್ತದೆ ಅಂತ ಲೆಕ್ಕ ನೋಡಿದ ಮೇಲೆಯೇ ಗೊತ್ತಾಗುವುದು. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಲಿಕ್ಕೆ ಬರುತ್ತದೆ. ಎರಡು ನಿಮಿಷದ ಕೆಲಸ. ಪಿನ್ ಬದಲಾಯಿಸಲಿಕ್ಕೆ ಇನ್ನೂ ಕಡಿಮೆ.

ಅದೇ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಗೇಮಿನ ಹೆಸರಿನ ಕೆಳಗೆ 3+, 7+, 12+, 16+, 18+ ಅಂತ ಸಣ್ಣದಾಗಿ ಬರೆದಿರುತ್ತದೆ. ಹೆಚ್ಚಿನ ಹೆತ್ತವರು ಅದನ್ನು ನೋಡುವುದೇ ಇಲ್ಲ. ನೋಡಬೇಕು. ಆದರೆ ಅದರ ಮೇಲೆ ಪೂರ್ತಿ ಭರವಸೆ ಇಡುವ ಹಾಗೂ ಇಲ್ಲ. ಗೇಮ್ ಮಾಡಿದವರೇ ಒಂದು ಪ್ರಶ್ನಾವಳಿ ತುಂಬುತ್ತಾರೆ, ಅದರ ಆಧಾರದಲ್ಲಿ ಆ ಅಂಕಿ ಬರುತ್ತದೆ. ರಕ್ತ ಇದೆಯಾ, ಅಶ್ಲೀಲ ಇದೆಯಾ ಅನ್ನುವುದು ಅದರಿಂದ ತಿಳಿಯುತ್ತದೆ. ಆಟ ಮಗುವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ, ನಡುವೆ ಎದ್ದು ನಮಾಝಿಗೆ ಹೋಗಲಿಕ್ಕೆ ಬಿಡುತ್ತದಾ ಅನ್ನುವುದು ತಿಳಿಯುವುದಿಲ್ಲ. ಅದು ಆಡಿ ನೋಡಿದವರಿಗೇ ಗೊತ್ತಾಗಬೇಕು.

ಬಿಜಿಎಂಐ ಎಂಬ ಗೇಮ್ ಗೊತ್ತಿರಬಹುದು. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ ಮೇಲೆ ಅದರ ಜಾಗಕ್ಕೆ 2021ರಲ್ಲಿ ಬಂದದ್ದು. ಅದೂ ಒಮ್ಮೆ ನಿಂತು 2023ರಲ್ಲಿ ಮರಳಿ ಬಂದಾಗ 18ರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ದೊಡ್ಡವರಿಗೆ ಆರು ಗಂಟೆ ಅಂತ ಮಿತಿ ಇಟ್ಟರು. ಶಾಲೆ, ಮದ್ರಸ, ಊಟ, ನಿದ್ರೆ ಕಳೆದು ಉಳಿಯುವ ಹೊತ್ತಿನಲ್ಲಿ ಮೂರು ಗಂಟೆ ಕೊಟ್ಟರೆ ಮಗುವಿನ ಕೈಯಲ್ಲಿ ಬೇರೆ ಏನು ಉಳಿಯುತ್ತದೆ? ಕಂಪೆನಿ ಇಟ್ಟ ಮಿತಿ ಕಂಪೆನಿಯದ್ದು. ಮನೆಯ ಮಿತಿ ಮನೆಯವರೇ ಇಡಬೇಕು.

ಆಟ ಕೈಮೀರಿದರೆ

ಕೆಲವು ಮಕ್ಕಳಿಗೆ ಇದು ಅಭ್ಯಾಸದ ಗೆರೆ ದಾಟಿ ಕಾಯಿಲೆಯ ಮಟ್ಟಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಸೇರಿಸಿದ್ದು 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ತೊಂದರೆ ಕಣ್ಣಿಗೆ ಕಂಡರೂ ಬಿಡಲಿಕ್ಕೆ ಆಗದಿರುವುದು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳು ಮುಂದುವರಿದಿರುವುದು, ಇವು ಅದರ ಲಕ್ಷಣ. ರಜೆಯಲ್ಲಿ ಹತ್ತು ದಿನ ಆಡಿದ ಹುಡುಗನಿಗೆ ಈ ಹೆಸರು ಅಂಟಿಸಬಾರದು.

ನಿಜವಾಗಿಯೂ ಕೈಮೀರಿದೆ ಅಂತ ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಹನುಮಂತನಗರದಿಂದ ಆಟೋದಲ್ಲಿ ಹೋಗುವ ದೂರ. ಮಂತ್ರಿಸಿದ ನೀರು ಕೊಡಿ ಅಂತ ಬರುವವರಿಗೆ ದುಆ ಮಾಡೋಣ, ಆದರೆ ವೈದ್ಯರ ಬಳಿ ಹೋಗುವುದನ್ನು ತಡೆಯುವುದು ಬೇಡ. ನಿಮ್ಹಾನ್ಸ್‌ಗೆ ಹೋದರೆ ಜನ ಏನಂದಾರು ಅನ್ನುವ ಮುಜುಗರ ನಮ್ಮಲ್ಲಿ ಇನ್ನೂ ಇದೆ. ಆ ಮುಜುಗರದಲ್ಲಿ ಹೋಗುವುದು ಮಗುವಿನ ವರ್ಷಗಳು.

ನಮ್ಮ ಮನೆಯ ಇಬ್ಬರು

ಸೋಫಾದ ಮೇಲೆ ಕೂತ ಆ ಇಬ್ಬರ ವಿಷಯಕ್ಕೆ ಮರಳೋಣ. ಅವರಿಂದ ಎರಡು ವಿಷಯ ತೆಗೆದುಕೊಳ್ಳಬಹುದು. ಒಂದು, ಆಡದೆ ತೀರ್ಪು ಕೊಡಲಿಲ್ಲ. ಎರಡು, ಒಬ್ಬರೇ ತೀರ್ಪು ಕೊಡಲಿಲ್ಲ. ಕೇಳಿದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕು ಅನ್ನುವುದು, ಕೂಡಿ ಮಾತಾಡಿ ನಿರ್ಧರಿಸಬೇಕು ಅನ್ನುವುದು, ಇವೆರಡೂ ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ಪಾಠಗಳೇ.

ಮನೆಯಲ್ಲಿ ಇದನ್ನು ಮಾಡಲಿಕ್ಕೆ ಟಿವಿ ಬೇಡ, ಕ್ಯಾಮರಾ ಬೇಡ. ಬಾಪನಿಗೋ ಉಮ್ಮನಿಗೋ ರಜೆ ಇರುವ ದಿನ ಅರ್ಧ ಗಂಟೆ ಸಾಕು. ಒಬ್ಬ ವಿಮರ್ಶಕ ನೀವು. ಇನ್ನೊಬ್ಬ ನಿಮ್ಮ ಮಗ ಅಥವಾ ಮಗಳು. "ಇದನ್ನು ಹೇಗೆ ಆಡುವುದು, ನನಗೂ ಕಲಿಸು" ಅಂತ ಕೇಳಿ. ಮಗುವಿನ ಮುಖ ಅರಳುವುದನ್ನು ನೋಡಬೇಕು. ಯಾವಾಗಲೂ ಕಲಿಸುವ ಕಡೆ ಬಾಪ, ಕಲಿಯುವ ಕಡೆ ಮಗು ಇರುತ್ತದೆ. ಅವತ್ತು ತಿರುಗುಮುರುಗು. ನೀವು ಸೋಲುತ್ತೀರಿ, ಸೋಲಿ, ಪರವಾಗಿಲ್ಲ.

ಆಡಿದ ಮೇಲೆ ಕೂತು ಮಾತಾಡಿ. ಇದರಲ್ಲಿ ಗೆಲ್ಲಲಿಕ್ಕೆ ಬುದ್ಧಿ ಬೇಕಾ, ಬರೀ ಅದೃಷ್ಟವಾ? ಎಲ್ಲಿ ಹಣ ಕೇಳುತ್ತದೆ? ಅಪರಿಚಿತರು ಮಾತಾಡಲಿಕ್ಕೆ ಬರುತ್ತಾರಾ? ತೋರಿಸುವ ದೃಶ್ಯ ಉಮ್ಮಾಮನ ಮುಂದೆ ಕೂತು ನೋಡುವ ಹಾಗಿದೆಯಾ? ಅದಾನ್ ಕೇಳಿದಾಗ ನಿಲ್ಲಿಸಿದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಕೆಲವು ಗೇಮ್ ನಿಲ್ಲಿಸಿ ಬಂದರೆ ಹಾಗೇ ಕಾದಿರುತ್ತದೆ. ಕೆಲವದರಲ್ಲಿ ಎದ್ದರೆ ಸೋತ ಹಾಗೆ, ಜೊತೆಗೆ ಆಡುವವರ ಬೈಗುಳ ಬೇರೆ. ಎರಡನೇ ರೀತಿಯದ್ದು ಇದ್ದರೆ ಮಗ್ರಿಬ್‌ಗೆ ಮೊದಲು ಶುರುಮಾಡಬಾರದು ಅನ್ನುವ ನಿಯಮ ಮನೆಯಲ್ಲಿ ಬೇಕು.

ಆಮೇಲೆ ಇಬ್ಬರೂ ಬೇರೆ ಬೇರೆ ಅಂಕ ಕೊಡಿ. ನಿಮ್ಮದು ನಾಲ್ಕು, ಮಗನದ್ದು ಒಂಬತ್ತು ಆಗಬಹುದು. ಯಾಕೆ ನಾಲ್ಕು ಅಂತ ಅವನಿಗೆ ಹೇಳಿ, ಯಾಕೆ ಒಂಬತ್ತು ಅಂತ ಅವನಿಂದ ಕೇಳಿ. ಕಾರಣ ಹೇಳಿ ತೆಗೆಸಿದ ಗೇಮ್ ಹೆಚ್ಚಾಗಿ ಮರಳಿ ಬರುವುದಿಲ್ಲ. ಕಿತ್ತುಕೊಂಡು ಅಳಿಸಿದ ಗೇಮ್ ನಾಳೆ ಗೆಳೆಯನ ಫೋನಿನಲ್ಲಿ ಇರುತ್ತದೆ. ಎಲ್ಲ ಗೇಮೂ ಕೆಟ್ಟದ್ದಾಗಿರುವುದಿಲ್ಲ. ಕಟ್ಟುವ, ಜೋಡಿಸುವ, ಲೆಕ್ಕ ಹಾಕುವ, ಒಗಟು ಬಿಡಿಸುವ ಒಳ್ಳೆಯವೂ ಇವೆ. ಒಳ್ಳೆಯದು ಸಿಕ್ಕಿದರೆ ಒಳ್ಳೆಯದು ಅಂತ ಹೇಳಲಿಕ್ಕೂ ಹಿಂಜರಿಯಬಾರದು. ಆಗ ನೀವು ಬೇಡ ಅಂದ ಮಾತಿಗೂ ತೂಕ ಬರುತ್ತದೆ.

ಗೇಮ್ ಗೊತ್ತಿಲ್ಲದ ಮನೆಗಳಿಗೆ ಜಮಾಅತಿನವರು ಕೈ ಕೊಡಬಹುದು. ಬೆಂಗಳೂರಿನಲ್ಲಿ ಓದುವ, ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅಂಥವರಲ್ಲಿ ಒಬ್ಬರು, ಜೊತೆಗೆ ಒಬ್ಬ ಹಿರಿಯರು ಅಥವಾ ಉಸ್ತಾದ್. ಇಬ್ಬರೂ ಸೇರಿ ಆ ಭಾಗದ ಮಕ್ಕಳು ಹೆಚ್ಚು ಆಡುವ ಐದು ಗೇಮ್ ಆಡಿ ನೋಡಲಿ. ತಿಂಗಳಿಗೊಮ್ಮೆ ಹೆತ್ತವರನ್ನು ಕೂರಿಸಿ ಬ್ಯಾರಿ ಭಾಷೆಯಲ್ಲೇ ಹೇಳಲಿ: ಇದು ಆಗಬಹುದು, ಇದು ಬೇಡ, ಇದನ್ನು ಹೀಗೆ ಸೆಟ್ಟಿಂಗ್ ಬದಲಾಯಿಸಿ ಕೊಡಿ. ಖರ್ಚು ಏನೂ ಇಲ್ಲ, ಒಂದು ಫ್ಲಾಸ್ಕ್ ಚಾ ಸಾಕು. ಉಮ್ಮಂದಿರು ಬರುವ ಹೊತ್ತು ನೋಡಿ ಇಟ್ಟರೆ ಒಳ್ಳೆಯದು, ಯಾಕಂದ್ರೆ ಫೋನು ಕೊಡುವುದೂ ತೆಗೆದುಕೊಳ್ಳುವುದೂ ದಿನಾ ಅವರದ್ದೇ ಕೆಲಸ.

ಅಷ್ಟರವರೆಗೆ ಒಂದು ಕೆಲಸ ಇವತ್ತೇ ಮಾಡಬಹುದು. ಮಗನ ಫೋನಿನಲ್ಲಿ ಯಾವ ಯಾವ ಗೇಮ್ ಇದೆ ಅಂತ ಅವನ ಜೊತೆಯಲ್ಲೇ ಕೂತು ಒಂದು ಚೀಟಿಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಮುಂದೆ ಪ್ಲೇ ಸ್ಟೋರ್‌ನ ವಯಸ್ಸಿನ ಅಂಕಿ ಬರೆಯಿರಿ. ಇನ್ನೊಂದು ಖಾಲಿ ಗೆರೆ ಬಿಡಿ, ನೀವಿಬ್ಬರು ಕೊಡುವ ಅಂಕಕ್ಕೆ. ಮುಂದಿನ ಸಲ ಉಸ್ತಾದರ ಬಳಿ ಬರುವಾಗ ಆ ಚೀಟಿಯನ್ನೂ ಮಗನನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಆಗ ಹರಾಮ್, ಹಲಾಲ್ ಮಾತು ಆಡಲಿಕ್ಕೆ ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.